ಅಂಗಡಿ ನಿಮ್ಮದೇ, ಆದರೆ ಗಿರಾಕಿಯನ್ನು ವಾಪಸ್ ಕಳಿಸಬಹುದೇ?

ಪ್ರಶ್ನೆ: ನಮ್ಮೂರ ಕಟಿಂಗ್ ಶಾಪಿಗೆ ಪರಿಶಿಷ್ಟ ಜಾತಿಯ ಹುಡುಗರು ಹೋದರೆ 'ಬ್ಲೇಡ್ ಮುಗಿದಿದೆ', 'ಊಟಕ್ಕೆ ಹೊರಟಿದ್ದೀನಿ' ಅನ್ನುತ್ತಾರೆ. ಗಟ್ಟಿಯಾಗಿ ಕೇಳಿದರೆ 'ಅಂಗಡಿ ನಂದು, ನನ್ನಿಷ್ಟ' ಎಂಬ ಉತ್ತರ. ಖಾಸಗಿ ಅಂಗಡಿಯವರಿಗೆ ಆ ಹಕ್ಕಿದೆಯೇ? ದೂರು ಕೊಡುವುದು ಹೇಗೆ?
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಖಂಡಿತ ಇಲ್ಲ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ದೂರ ಇಡುವಂತಿಲ್ಲ ಎನ್ನುತ್ತದೆ ಸಂವಿಧಾನದ 15(2)ನೇ ವಿಧಿ. ಇದು ಖಾಸಗಿಯವರಿಗೂ ಅನ್ವಯ. ಒಳಗೆ ಬಿಟ್ಟರಷ್ಟೇ ಸಾಲದು, ಸೇವೆಯನ್ನೂ ಕೊಡಬೇಕು ಎಂಬುದನ್ನು ಅಂಬೇಡ್ಕರ್ 1948ರಲ್ಲೇ ಸಂವಿಧಾನ ಸಭೆಯಲ್ಲಿ ಸ್ಪಷ್ಟಪಡಿಸಿದ್ದರು.

ಶಿಕ್ಷೆ ಇರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4 ಮತ್ತು 6ನೇ ಸೆಕ್ಷನ್‌ಗಳಲ್ಲಿ: ಒಂದರಿಂದ ಆರು ತಿಂಗಳ ಜೈಲು, ಜೊತೆಗೆ ದಂಡ. ಬೇರೆಯವರಿಗೆ ಕೊಡುವ ಸಮಯದಲ್ಲೇ, ಅದೇ ಜಾಗದಲ್ಲೇ, ಅದೇ ಷರತ್ತಿನ ಮೇಲೆ ಸೇವೆ ಕೊಡಬೇಕೆಂದು 6ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ 'ಕತ್ತಲಾದ ಮೇಲೆ ಹಿತ್ತಲಿಗೆ ಬಾ, ಮಾಡ್ತೀನಿ' ಎಂಬ ರಾಜಿಯೂ ಅಪರಾಧವೇ. ಚಹಾದಂಗಡಿಯಲ್ಲಿ ಬೇರೆ ಲೋಟ ಇಡುವುದೂ ಅಷ್ಟೇ. ಶಿಕ್ಷೆಯಾದರೆ ಅಂಗಡಿಯ ಲೈಸೆನ್ಸ್ ರದ್ದು ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂಗಡಿಯವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಝಡ್‌ಎ) ಕೂಡ ಹಾಕಿಸಬಹುದು. ಅಲ್ಲಿ ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಊರವರು ಸೇರಿ ಬಹಿಷ್ಕಾರ ಹಾಕಿದ್ದರೆ ಅದಕ್ಕೆ 3(1)(ಝಡ್‌ಸಿ).

ಇಂಥ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ದೂರಿನ ಬರವಣಿಗೆಯಲ್ಲೇ. 'ಅವಮಾನ ಮಾಡಿದರು' ಎಂದಷ್ಟೇ ಬರೆದರೆ ಅದು ಸಾಮಾನ್ಯ ಜಗಳದ ಅರ್ಜಿಯಾಗುತ್ತದೆ. ದಿನ, ಗಂಟೆ, ಅಂಗಡಿಯವರು ಆಡಿದ ಮಾತು ಇದ್ದ ಹಾಗೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಕಳಿಸಿದ ಮೇಲೆ ಯಾರನ್ನು ಕುರ್ಚಿಯಲ್ಲಿ ಕೂರಿಸಿದರು ಎಂಬುದನ್ನು ಬರೆಯಿರಿ. 'ಬ್ಲೇಡ್ ಮುಗಿದಿತ್ತು' ಎಂಬ ನೆಪ ಮುರಿಯುವುದು ಅಲ್ಲೇ. ಇಬ್ಬರು ಸಾಕ್ಷಿಗಳ ಹೆಸರು, ಜಾತಿ ಪ್ರಮಾಣಪತ್ರದ ನಕಲು ಲಗತ್ತಿಸಿ. ಅಸ್ಪೃಶ್ಯತೆ ಕಾರಣವಲ್ಲ ಎಂದು ಸಾಬೀತು ಮಾಡುವ ಹೊರೆ 1955ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆರೋಪಿಯದು. ಇದನ್ನು ಠಾಣೆಯಲ್ಲಿ ನೆನಪಿಸಿ.

ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಒಂದು ಪ್ರತಿ ಹೋಗಲಿ. ದೌರ್ಜನ್ಯ ಕಾಯ್ದೆಯ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. 'ಊರ ಹಿರಿಯರ ಮುಂದೆ ರಾಜಿ ಮಾಡಿಕೊಳ್ಳಿ' ಎಂದರೆ ದಯವಿಟ್ಟು ಸಹಿ ಹಾಕಬೇಡಿ.

ಪ್ರಶ್ನೆ: ನನ್ನದು ಚಿಕ್ಕ ದರ್ಶಿನಿ. ಒಬ್ಬ ಗಿರಾಕಿ ಕುಡಿದು ಬಂದು ಹುಡುಗರಿಗೆ ಬಯ್ಯುತ್ತಾನೆ. ಇನ್ನೊಬ್ಬರು ಬೇರೆ ಪಕ್ಷದವರು, ರಾಜಕೀಯ ತೆಗೆದು ಎಲ್ಲರ ಜೊತೆ ವಾದಕ್ಕೆ ನಿಲ್ಲುತ್ತಾರೆ. 'ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ' ಎಂದು ಬೋರ್ಡ್ ಹಾಕಿ ಇಬ್ಬರನ್ನೂ ಬೇಡ ಎನ್ನಬಹುದೇ?

ಉತ್ತರ: ಆ ಬೋರ್ಡಿನಿಂದ ನಿಮಗೆ ಹೊಸ ಹಕ್ಕೇನೂ ಬರುವುದಿಲ್ಲ. ಕಾನೂನು ನೋಡುವುದು ನಿರಾಕರಣೆಯ ಕಾರಣವನ್ನು. ಕುಡಿದು ಗಲಾಟೆ, ಬಾಕಿ ಕೊಡದಿರುವುದು, ಕೆಲಸದವರಿಗೆ ಬೈಗುಳ, ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಒಬ್ಬನಿಗೆ ಹಾಕಿದ ನಿಯಮ ಎಲ್ಲರಿಗೂ ಇರಬೇಕು. ಪರಿಶಿಷ್ಟ ಜಾತಿಯವನು ಕುಡಿದು ಬಂದಾಗ ಮಾತ್ರ ನಿಯಮ ನೆನಪಾದರೆ ನೀವೇ ಸಿಕ್ಕಿಬೀಳುತ್ತೀರಿ. ಮೈಮುಟ್ಟಿ ತಳ್ಳಬೇಡಿ. ಹೊರಗೆ ಹೋಗಲು ಸಾಕ್ಷಿಗಳ ಎದುರು ಹೇಳಿ, ಹೋಗದಿದ್ದರೆ 112ಕ್ಕೆ ಕರೆ ಮಾಡಿ, ಆ ದಿನದ ಸಿಸಿಟಿವಿ ತುಣುಕನ್ನು ತೆಗೆದಿಡಿ.

ಎರಡನೆಯವರ ವಿಷಯ ಬೇರೆ. 15(2)ನೇ ವಿಧಿಯ ಪಟ್ಟಿಯಲ್ಲಿ ರಾಜಕೀಯ ಅಭಿಪ್ರಾಯ ಇಲ್ಲ, ಉಡುಪೂ ಇಲ್ಲ. ಆ ವಿಧಿಯ ಮಟ್ಟಿಗೆ ನೀವು ಬೇಡ ಎನ್ನಬಹುದು. ಆದರೂ ಮಾಡಬೇಡಿ ಎಂಬುದೇ ನಮ್ಮ ಸಲಹೆ. ವಾದ ನಿಲ್ಲಿಸಲು ಹೇಳಿದರೆ ಸಾಕು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದಿದ್ದಾಗ ವಿಷಯ ವಿಧಾನಸಭೆಗೆ ಹೋಯಿತು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಇನ್ನು ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಎಚ್‌ಐವಿ ಸೋಂಕಿತರು ಈ ವಿಧಿಯ ಪಟ್ಟಿಯಲ್ಲಿಲ್ಲ ಎಂದುಕೊಂಡು ಅವರನ್ನು ವಾಪಸ್ ಕಳಿಸಬೇಡಿ. ಅವರ ರಕ್ಷಣೆಗೆ 2016, 2019 ಮತ್ತು 2017ರ ಪ್ರತ್ಯೇಕ ಕಾಯ್ದೆಗಳಿವೆ.

ಪ್ರಶ್ನೆ: ಆಟೊದವರು 'ಆ ಕಡೆ ಬರಲ್ಲ' ಅನ್ನಬಹುದೇ?

ಉತ್ತರ: ಮೋಟಾರು ವಾಹನ ಕಾಯ್ದೆಯ 178(3)ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಆದರೆ ಕಾಯ್ದೆಯಲ್ಲಿ ಆಟೊಗೆ ದಂಡ 50 ರೂಪಾಯಿವರೆಗೆ ಮಾತ್ರ, ಟ್ಯಾಕ್ಸಿಗೆ 500ರವರೆಗೆ. ಗಾಡಿ ನಂಬರ್, ಸ್ಥಳ, ಸಮಯ ಬರೆದುಕೊಂಡು ಸಂಚಾರ ಪೊಲೀಸರಿಗೆ ಅಥವಾ ಆರ್‌ಟಿಒಗೆ ದೂರು ಕೊಡಿ.