ಊರಿನ ಕಲಾವಿದರ ಮಾತುಕತೆ: ಟೈಮ್ ಎಷ್ಟು, ಟಿಕೆಟ್ ಬೇಕಾ?

ಸರ್, ದಾವಣಗೆರೆಲಿ ತಿಂಗಳಿಗೊಂದ್ಸಲ ಚಿತ್ರ ಬರೆಯೋರು, ಫೋಟೋಗ್ರಾಫರ್‌ಗಳು, ನಾಟಕದವ್ರನ್ನೆಲ್ಲ ಸೇರಿಸಿ ಮಾತಾಡಿಸ್ಬೇಕು, ಒಬ್ಬೊಬ್ರಿಗೆ ಎಷ್ಟು ಟೈಮ್ ಕೊಡೋದು, ಟಿಕೆಟ್ ಇಡ್ಬೇಕಾ ಅಂತ ಕೇಳಿದೀರಲ್ಲ, ತುಂಬಾ ಒಳ್ಳೆ ಕೆಲಸ, ದಯವಿಟ್ಟು ಮಾಡಿ.

ಟೈಮ್ ವಿಷ್ಯದಲ್ಲಿ ಮಾತ್ರ ಸಡಿಲ ಬಿಡ್ಬೇಡಿ. 2003ರಲ್ಲಿ ಟೋಕಿಯೋದಲ್ಲಿ ಆಸ್ಟ್ರಿಡ್ ಕ್ಲೈನ್, ಮಾರ್ಕ್ ಡೈಥಮ್ ಅನ್ನೋ ಆರ್ಕಿಟೆಕ್ಟ್‌ಗಳು ಪೆಚಕುಚ ಅಂತ ಚಿತ್ರ ತೋರಿಸ್ತಾ ಮಾತಾಡೋ ಕಾರ್ಯಕ್ರಮ ಶುರು ಮಾಡಿದ್ರು, 20 ಸ್ಲೈಡು, ಒಂದೊಂದಕ್ಕೆ 20 ಸೆಕೆಂಡು, ಅದು ತಾನಾಗೇ ಮುಂದೆ ಹೋಗ್ತಿರುತ್ತೆ, 6 ನಿಮಿಷ 40 ಸೆಕೆಂಡಿಗೆ ಮಾತು ಮುಗೀಬೇಕು. ಸ್ಟೇಜ್ ಹತ್ತಿ ಅಭ್ಯಾಸ ಇಲ್ಲದವ್ರಿಗೆ ಇದೇ ಧೈರ್ಯ, ಚಿತ್ರ ಓಡ್ತಿದ್ರೆ ಮಾತು ಬರುತ್ತೆ.

ಆದ್ರೆ ಕೈಕೆಲಸದವ್ರಿಗೆ ಸ್ಲೈಡ್ ಬೇಡ. ಬೋರ್ಡ್ ಬರೆಯೋ ಪೇಂಟರ್ ಒಬ್ರನ್ನ ಕರೀರಿ, ದಾರಕ್ಕೆ ಚಾಕ್‌ಪುಡಿ ಸವರಿ, ಎರಡೂ ತುದಿ ಎಳೆದು ಹಿಡಿದು, ನಡುವೆ ಚಿಮ್ಮಿ ಗೆರೆ ಹೊಡೆದು ಆಮೇಲೆ ಅಕ್ಷರ ಕೂರಿಸೋದನ್ನ ಅಲ್ಲೇ ಮಾಡಿ ತೋರಿಸ್ಲಿ, ಇಂಥವ್ರನ್ನ ಯಾರೂ ವೇದಿಕೆಗೆ ಕರೆಯೋದೇ ಇಲ್ಲ ನೋಡಿ, ನನಗೆ ಅದೇ ಬೇಜಾರು.

ಟಿಕೆಟ್ ಬೇಡವೇ ಬೇಡ. 2008ರಲ್ಲಿ ನ್ಯೂಯಾರ್ಕಲ್ಲಿ ಟೀನಾ ರಾತ್ ಐಸನ್‌ಬರ್ಗ್ ಶುರು ಮಾಡಿದ ಕ್ರಿಯೇಟಿವ್ ಮಾರ್ನಿಂಗ್ಸ್ ಅನ್ನೋ ಬೆಳಗಿನ ಮಾತುಕತೆ ಕಾರ್ಯಕ್ರಮ ಬೆಳೆದಿದ್ದೇ ಫ್ರೀ ಎಂಟ್ರಿ, ಬೆಳಗಿನ ತಿಂಡಿ ಇಟ್ಕೊಂಡು, ಖರ್ಚನ್ನ ಸ್ಪಾನ್ಸರ್‌ಗಳು ನೋಡ್ಕೋತಾರೆ. ನಿಮ್ಮೂರಲ್ಲಿ ಬೆಣ್ಣೆದೋಸೆ ಇರುವಾಗ ತಿಂಡಿಗೇನು ಕಮ್ಮಿ! ಜಾಗಕ್ಕೆ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಒಮ್ಮೆ ಕೇಳಿ ನೋಡಿ, ಹುಡುಗ್ರೂ ಸಿಗ್ತಾರೆ. ಮತ್ತೆ ಮಾತು ಮುಗಿದ ತಕ್ಷಣ ಜನಾನ ಎಬ್ಬಿಸ್ಬೇಡಿ, ಅರ್ಧ ಗಂಟೆ ಟೀ ಕುಡೀತಾ ನಿಂತ್ಕೊಳ್ಳೋಕೆ ಬಿಡಿ, ಯಾರಿಗೆ ಯಾರ ಜೊತೆ ಕೆಲಸ ಕೂಡಿಬರುತ್ತೆ ಅನ್ನೋದು ಗೊತ್ತಾಗೋದು ಆಗ್ಲೇ.