ಮೂವರು ಬದುಕಲು ಒಬ್ಬನ ಜೀವ

ಮಾನ್ಯ ಓದುಗರೇ,

‘ಉಪಯುಕ್ತತಾವಾದ ಎಂದರೆ ಹತ್ತು ಜನರಿಗಾಗಿ ಒಬ್ಬನನ್ನು ಬಲಿಕೊಟ್ಟು ಅದಕ್ಕೊಂದು ಚಂದದ ಹೆಸರಿಡುವುದೇ ತಾನೆ? ಈ ಬಗ್ಗೆ ಏನು ಓದಲಿ?’ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ ಆ ವಾದ ಏನು ಹೇಳುತ್ತದೆಂದು ಮೊದಲು ನೋಡೋಣ.

ಲಂಡನ್ನಿನ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳು ಇಷ್ಟು: ಒಂದು ಕೆಲಸ ಸರಿಯೋ ತಪ್ಪೋ ಎಂಬುದನ್ನು ಅದರಿಂದ ಹುಟ್ಟುವ ಸುಖದುಃಖ ನೋಡಿ ತೀರ್ಮಾನಿಸಬೇಕು. ಮಾಡಿದವನ ಸುಖವಷ್ಟೇ ಅಲ್ಲ, ಅದು ತಟ್ಟುವ ಎಲ್ಲರದೂ ಲೆಕ್ಕಕ್ಕೆ ಬರಬೇಕು. ದೊರೆಯ ನೋವಿಗೂ ಕೂಲಿಯವನ ನೋವಿಗೂ ಒಂದೇ ತೂಕ. ಪ್ರಾಣಿಗಳನ್ನೂ ಆತ ಬಿಡಲಿಲ್ಲ. ಅವು ಮಾತಾಡುತ್ತವೆಯೇ ಎಂದಲ್ಲ, ನರಳುತ್ತವೆಯೇ ಎಂದು ಕೇಳಿ ಎಂದ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ನಿಮ್ಮ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. 1884ರಲ್ಲಿ ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟ ಮಿನ್ಯೊನೆಟ್ ಎಂಬ ನೌಕೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿ, ನಾಲ್ವರು ಪುಟ್ಟ ದೋಣಿಯಲ್ಲಿ ಉಳಿದರು. ತಿನ್ನಲು ಎರಡು ಡಬ್ಬಿ ಟರ್ನಿಪ್, ನಡುವೆ ಸಿಕ್ಕ ಒಂದು ಆಮೆ. ಕುಡಿಯುವ ನೀರಿಲ್ಲ. ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್ ಸಮುದ್ರದ ನೀರು ಕುಡಿದು ನಿತ್ರಾಣನಾಗಿ ಬಿದ್ದಿದ್ದ. ಕ್ಯಾಪ್ಟನ್ ಡಡ್ಲಿ, ಜೊತೆಗಿದ್ದ ನಾವಿಕ ಸ್ಟೀಫನ್ಸ್‌ನ ಒಪ್ಪಿಗೆ ಪಡೆದು ಅವನನ್ನು ಕೊಂದ. ಮೂವರೂ ತಿಂದರು. ನಾಲ್ಕನೇ ದಿನ ಹಡಗೊಂದು ಬಂತು! ನಮಗೆ ಹೆಂಡತಿ ಮಕ್ಕಳಿದ್ದಾರೆ, ಹುಡುಗ ಹೇಗೂ ಸಾಯುತ್ತಿದ್ದ ಎಂಬುದು ಅವರ ಲೆಕ್ಕ. ನ್ಯಾಯಾಲಯ ಒಪ್ಪಲಿಲ್ಲ. ಕೊಲೆಯೆಂದು ಡಡ್ಲಿ, ಸ್ಟೀಫನ್ಸ್ ಇಬ್ಬರಿಗೆ ಮರಣದಂಡನೆ ವಿಧಿಸಿತು. ಬಳಿಕ ಅದು ಆರು ತಿಂಗಳ ಸೆರೆವಾಸಕ್ಕಿಳಿಯಿತು.

ಉಪಯುಕ್ತತಾವಾದಿಗಳೆಲ್ಲ ಡಡ್ಲಿಯ ಪರ ಎಂದುಕೊಳ್ಳಬೇಡಿ. ಕಷ್ಟಕಾಲದಲ್ಲಿ ಬಲಹೀನನನ್ನು ಕೊಲ್ಲಬಹುದೆಂಬ ನಿಯಮ ಜಾರಿಗೆ ಬಂದರೆ ಹಡಗು ಹತ್ತುವವರು ಯಾರು? ಆ ಭಯವನ್ನೂ ದುಃಖದ ಲೆಕ್ಕಕ್ಕೆ ಸೇರಿಸಿ ಎನ್ನುವವರು ಅವರಲ್ಲೇ ಇದ್ದಾರೆ. ನನಗೆ ಇದು ಅರ್ಧ ಉತ್ತರ. ಸುದ್ದಿ ಹೊರಗೇ ಬಾರದಿದ್ದರೂ ಆ ಹುಡುಗನಿಗಾದದ್ದು ಅನ್ಯಾಯವೇ. ಚೀಟಿ ಎತ್ತೋಣವೆಂಬ ಮಾತು ಬಂದಾಗಲೂ ಅವನನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಲೆಕ್ಕವನ್ನೇ ಬಿಸಾಡಲಾಗದು. ಸರ್ಕಾರದ ಹಣ ಯಾವ ಔಷಧಿಗೆ ಸಲ್ಲಬೇಕೆಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ, ರೋಗಿಗೆ ಸಿಗುವ ಒಂದು ಆರೋಗ್ಯವಂತ ವರ್ಷಕ್ಕೆ 20,000ದಿಂದ 30,000 ಪೌಂಡ್ ಎಂಬ ಅಳತೆಯನ್ನು ಬಹುಕಾಲ ಇಟ್ಟುಕೊಂಡಿತ್ತು. ಕೇಳಲು ಕಟುವೇ. ಆದರೆ ಅದನ್ನು ಬಿಟ್ಟು, ಗಟ್ಟಿಯಾಗಿ ಕೂಗಿದವರಿಗೆ ಹಣ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಓದಲು, ಇದೇ ವಾದದ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರಕಟಿಸಿದ ‘ಯುಟಿಲಿಟೇರಿಯನಿಸಂ’ ಹಿಡಿಯಿರಿ. ಬೆಂಥಮ್ ಕಡತದಷ್ಟು ಶುಷ್ಕ. ಮಿಲ್‌ನ ಕೊನೆಯ ಅಧ್ಯಾಯ ನ್ಯಾಯದ ಕುರಿತದ್ದು. ನಿಮ್ಮ ತಕರಾರು ಇರುವುದು ಅಲ್ಲೇ, ಮೊದಲು ಅದನ್ನೇ ಓದಿದರೂ ಆದೀತು.

– ಸಂ.