ಸರೋವರದೂರಿಗೆ ಕಾರಿನಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೆಟ್ಟದ ಮೇಲಿನ ಸರೋವರದೂರಿಗೆ ಹೋಗಿದ್ದೆವು. ಭಾನುವಾರ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ಕೆಳಗಿನವರೆಗೂ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಮೊದಲಿನಂತಾಯಿತು. ಮೆಕ್ಯಾನಿಕ್ ನೋಡಿ, ಪ್ಯಾಡ್ ಚೆನ್ನಾಗಿಯೇ ಇದೆ ಅಂದರು. ಹಾಗಾದರೆ ಆದದ್ದೇನು?

ಉತ್ತರ: ನೀವು ಹೇಳುವ ಲಕ್ಷಣ ನೋಡಿದರೆ ಬ್ರೇಕ್ ಆಯಿಲ್ ಕುದಿದಿದೆ. ಈ ಆಯಿಲ್‌ಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದಕ್ಕೆ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆಯದೆ ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್ ಕಾದು, ಆ ಬಿಸಿ ಆಯಿಲ್‌ಗೆ ತಲುಪಿ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಅದುಮಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಪೆಡಲ್ ಕೆಳಗಿಳಿದರೂ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ. ಆದ್ದರಿಂದಲೇ ಮೆಕ್ಯಾನಿಕ್ ಕೈಗೆ ಏನೂ ಸಿಗಲಿಲ್ಲ.

ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಮುಂದಿನ ಪ್ರಯಾಣಕ್ಕೆ ಮೊದಲು ಪೂರ್ತಿ ಬದಲಿಸಿ. ಮೇಲಿಂದ ಒಂದಿಷ್ಟು ಸುರಿದು ಮಟ್ಟ ಸರಿಮಾಡಿದರೆ ಸಾಲದು, ಹಳೆಯ ನೀರು ಒಳಗೇ ಉಳಿಯುತ್ತದೆ. ಸೋರಿಕೆ ಇದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಸಿ. ಪೆಡಲ್ ಕೆಳಗಿಳಿಯಲು ಅದೂ ಕಾರಣವಾಗಬಹುದು.

ಇನ್ನು ಇಳಿಯುವ ರೀತಿ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್ ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ. ಆಟೊಮ್ಯಾಟಿಕ್ ಕಾರಿನಲ್ಲಿ ‘ಎಲ್’, ‘2’ ಅಥವಾ ಮ್ಯಾನುಯಲ್ ಮೋಡ್ ಬಳಸಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿರಬೇಕು, ವೇಗ ಏರಿದ ಮೇಲಲ್ಲ. ವೇಗ 40ಕ್ಕೆ ಏರಿದರೆ ಗಟ್ಟಿಯಾಗಿ ಒತ್ತಿ 30ಕ್ಕೆ ತಂದು ಕಾಲು ಪೂರ್ತಿ ತೆಗೆಯಿರಿ. ಹಾಗೆ ಬಿಟ್ಟ ಹೊತ್ತಿನಲ್ಲೇ ಡಿಸ್ಕ್‌ಗೆ ಗಾಳಿ ತಗಲಿ ಬಿಸಿ ಇಳಿಯುವುದು.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೂ ಒಂದು ಮಾತು. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗಾಗಿ ಉರಿಯುತ್ತಲೇ ಇರುತ್ತದೆ. ಉಳಿತಾಯವಂತೂ ಆಗದು, ಎಂಜಿನ್ ಕೊಡುವ ತಡೆಯೂ ಕೈತಪ್ಪುತ್ತದೆ.

ದಾರಿ ಮಧ್ಯೆ ಪೆಡಲ್ ಮತ್ತೆ ಮೆತ್ತಗಾದರೆ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್‌ನ ಗುಂಡಿ ಒತ್ತಿಹಿಡಿದೇ ನಿಧಾನವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿ ಕಾರು ತಿರುಗಿಬಿಡುತ್ತದೆ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಸ್ಟೀರಿಂಗ್‌ನ ಪವರ್ ಕೂಡ ಹೋಗುತ್ತದೆ.

ಪ್ರಶ್ನೆ: ಐದು ಜನ, ಡಿಕ್ಕಿ ತುಂಬ ಸಾಮಾನು. ಟೈರಿಗೆ ಗಾಳಿ ಎಷ್ಟು ಹಾಕಿಸಲಿ?

ಉತ್ತರ: ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ, ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಕಡಿಮೆ ಭಾರಕ್ಕೊಂದು, ಪೂರ್ತಿ ಭಾರಕ್ಕೊಂದು ಅಂಕಿ ಕೊಟ್ಟಿದ್ದರೆ ನಿಮಗೆ ಎರಡನೆಯದು. ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬಾರದು. ಬೆಳಿಗ್ಗೆ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗಲೇ ಅಳೆಯಿರಿ. ಓಡಿದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಹೆಚ್ಚಾಯಿತೆಂದು ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ. ಅದು ಸಾಮಾನಿನ ಅಡಿಯಲ್ಲಿದ್ದರೆ ಜ್ಯಾಕ್, ಸ್ಪ್ಯಾನರ್‌ಗಳನ್ನಾದರೂ ಕೈಗೆಟಕುವಲ್ಲಿ ಇಡಿ.

ಪ್ರಶ್ನೆ: ಬೆಳಗಿನ ಜಾವ ಸರೋವರದ ದಡದ ರಸ್ತೆಯಲ್ಲಿ ಮಂಜು ಕವಿದು ಏನೂ ಕಾಣುವುದಿಲ್ಲ. ಗಾಜಿಗೂ ಮಂಜು ಹಿಡಿಯುತ್ತದೆ. ಏನು ಮಾಡಬೇಕು?

ಉತ್ತರ: ತಂಪು ಗಾಳಿ ಬೆಚ್ಚಗಿನ ನೀರಿನ ಮೇಲೆ ಕೂತಾಗ ಆವಿ ಅಲ್ಲೇ ಹನಿಯಾಗುತ್ತದೆ. ಬಿಸಿಲೇರಿದರೆ ಸಾಮಾನ್ಯವಾಗಿ ತಾನೇ ಕರಗುತ್ತದೆ, ಒಂದು ಗಂಟೆ ತಡವಾಗಿ ಹೊರಡುವುದೇ ಜಾಣತನ. ಹೊರಡಲೇಬೇಕಿದ್ದರೆ ಹೈ ಬೀಮ್ ಬೇಡ. ಹನಿಗಳಿಗೆ ಬಡಿದು ಬೆಳಕು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಲೋ ಬೀಮ್ ಜೊತೆಗೆ ಫಾಗ್ ಲ್ಯಾಂಪ್ ಹಾಕಿ. 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 30 ಮೀಟರ್ ಮಾತ್ರ ಕಾಣುತ್ತಿದ್ದರೆ ಎರಡು ಸೆಕೆಂಡು ಕೂಡ ನಿಮ್ಮ ಕೈಯಲ್ಲಿಲ್ಲ.

ಗಾಜಿನ ಒಳಗೆ ಮಂಜು ಹಿಡಿದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡಿ. ಎ.ಸಿ. ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಉಷ್ಣತೆ ಸ್ವಲ್ಪ ಏರಿಸಿ. ಮುಖ್ಯವಾಗಿ ರೀಸರ್ಕ್ಯುಲೇಶನ್ ಗುಂಡಿ ಆಫ್ ಇರಲಿ. ಅದು ಆನ್ ಇದ್ದರೆ ಐವರ ಉಸಿರಿನ ತೇವ ಒಳಗೇ ಸುತ್ತುತ್ತದೆ.

ಪ್ರಶ್ನೆ: ಮಗಳಿಗೆ ತಿರುವುಗಳಲ್ಲಿ ವಾಂತಿ. ಪ್ರವಾಸವೇ ಬೇಡ ಅನ್ನಿಸುತ್ತದೆ.

ಉತ್ತರ: ಬಿಡಬೇಡಿ, ಬಹಳಷ್ಟು ಸುಧಾರಿಸಬಹುದು. ಒಳಕಿವಿಗೆ ತಿರುವು ಗೊತ್ತಾಗುತ್ತದೆ, ಮೊಬೈಲ್ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಈ ಎರಡರ ತಾಳ ತಪ್ಪುವುದರಿಂದಲೇ ಹೊಟ್ಟೆ ತೊಳಸುವುದು. ಹಿಂದಿನ ಸೀಟಿನ ನಡುವೆ ಸರಿಯಾದ ಬೆಲ್ಟ್ ಇದ್ದರೆ ಅಲ್ಲಿ ಕೂರಿಸಿ, ಮುಂದಿನ ರಸ್ತೆ ಕಾಣಲಿ. ಹೊರಡುವ ಮುನ್ನ ಹೊಟ್ಟೆ ತುಂಬಿರಲೂಬಾರದು, ಪೂರ್ತಿ ಖಾಲಿ ಇರಲೂಬಾರದು. ವಾಂತಿ ತಡೆಯುವ ಮಾತ್ರೆ ಬೇಕಿದ್ದರೆ ವಯಸ್ಸು, ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಹಲವು ಮಾತ್ರೆಗಳಿಂದ ನಿದ್ದೆ ಬರುವುದರಿಂದ ಕಾರು ಓಡಿಸುವವರು ಅವನ್ನು ಮುಟ್ಟಬಾರದು.

ಪ್ರಶ್ನೆ: ದೋಣಿವಿಹಾರಕ್ಕೆ ಯಾವ ಹೊತ್ತು ಒಳ್ಳೆಯದು?

ಉತ್ತರ: ಮಂಜು ಕರಗಿದ ಕೂಡಲೇ. ಹೊತ್ತೇರಿ ನೆಲ ಕಾದಂತೆ ನೀರಿನ ಕಡೆಯಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನಕ್ಕೆ ಅಲೆ ಏಳುತ್ತದೆ. ಬೆಳಿಗ್ಗೆ ನೀರು ಕನ್ನಡಿಯಂತಿದ್ದು ಬೆಟ್ಟದ ನೆರಳು ತಲೆಕೆಳಗಾಗಿ ಪೂರ್ತಿ ಕಾಣುತ್ತದೆ. ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲದವರೆಗೆ ಜಾರಿ ಬಂದರೆ ದೊಡ್ಡದಾಯಿತು, ಬೇರೆಯದು ಕೇಳಿ.